ಹೆಸರಿಲ್ಲದ ಮಂದೆ

ಪೆರಿಯಕುಳಂನಲ್ಲಿ ನಮ್ಮ ಸೋದರಮಾವನ ಮಾವಿನಹಣ್ಣಿನ ಮಂಡಿಯಿದೆ. ಸೀಸನ್ನಿನಲ್ಲಿ ನಡುರಾತ್ರಿಯೂ ಗಾಡಿ ಬರುತ್ತದೆ, ಕ್ರೇಟುಗಳು ಇಳಿಯುತ್ತವೆ, ತೂಕವಾಗುತ್ತದೆ, ರೈತನ ಕೈಗೊಂದು ಚೀಟಿ ಹೋಗುತ್ತದೆ. ಆ ತೂಕದ ಲೆಕ್ಕ ಇಡುವ ಸಾಫ್ಟ್‌ವೇರ್ ನಾನೇ ಬರೆದುಕೊಟ್ಟದ್ದು. ಬೆಂಗಳೂರಿನ ಕೆಲಸದಲ್ಲಿ ಪ್ರೋಗ್ರಾಮುಗಳನ್ನು ಹಲವು ಯಂತ್ರಗಳಿಗೆ ಹಂಚಿ ನಡೆಸುವ ಕುಬರ್ನೆಟೀಸ್ ಜೊತೆ ದಿನವಿಡೀ ಏಗುವವನು ನಾನು, ಇಲ್ಲಿಗೂ ಅದನ್ನೇ ತಂದೆ. ಮೇಜಿನ ಕೆಳಗೆ ಮೂರು ಸಣ್ಣ ಕಂಪ್ಯೂಟರ್, ಅವುಗಳ ಮೇಲೆ ಕುಬರ್ನೆಟೀಸ್‌ನ ಹಗುರ ರೂಪವಾದ ಕೆ3ಎಸ್. ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ ಎಂದು ಮಾವನಿಗೆ ಮಾತು ಕೊಟ್ಟಿದ್ದೆ.

ಮೇ ತಿಂಗಳ ಒಂದು ರಾತ್ರಿ ಮೂರರಲ್ಲೊಂದರ ಪವರ್ ಸಪ್ಲೈ ಸುಟ್ಟುಹೋಯಿತು. ಕೆಲಸ ನಿಲ್ಲಲಿಲ್ಲ ಎಂಬುದು ನಿಜ. ಸುಮಾರು ಆರು ನಿಮಿಷದೊಳಗೆ ತೂಕದ ಪ್ರೋಗ್ರಾಮ್ ಇನ್ನೊಂದು ಕಂಪ್ಯೂಟರಿನಲ್ಲಿ ಎದ್ದಿತು, ನನ್ನ ಫೋನಿನ ಪರದೆಯಲ್ಲಿ ಎಲ್ಲವೂ ಹಸಿರು. ಅಷ್ಟರಲ್ಲಿ ಮಾವನ ಫೋನ್ ಬಂತು: "ಓಡ್ತಾ ಇದೆ ಕಣಪ್ಪಾ, ಆದ್ರೆ ಸಂಜೆಯಿಂದ ಬರೆದದ್ದು ಒಂದೂ ಇಲ್ಲ."

ತಪ್ಪು ನನ್ನದು. ಲೆಕ್ಕದ ಫೈಲನ್ನು ಎಂಪ್ಟಿಡಿರ್ ಎಂಬ ತಾತ್ಕಾಲಿಕ ಜಾಗದಲ್ಲಿ ಇಟ್ಟಿದ್ದೆ. ಪ್ರೋಗ್ರಾಮ್ ಓಡುವ ಪಾಡ್ ಎಂಬ ಘಟಕ ಬೇರೆ ಯಂತ್ರಕ್ಕೆ ಹೋದರೆ ಆ ಜಾಗ ಅದರ ಹಿಂದೆ ಹೋಗುವುದಿಲ್ಲ. ಬೆಳಗ್ಗೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸುಟ್ಟ ಕಂಪ್ಯೂಟರಿನ ಡಿಸ್ಕ್ ಬಿಚ್ಚಿ ಓದಿದ್ದರೆ ಫೈಲ್ ಅಲ್ಲೇ ಸಿಗುತ್ತಿತ್ತು. ನಾನು ಹೊಸ ಸಪ್ಲೈ ಹಾಕಿ ಆನ್ ಮಾಡಿದೆ. ಕ್ಲಸ್ಟರಿಗೆ, ಅಂದರೆ ಯಂತ್ರಗಳ ಕೂಟಕ್ಕೆ, ಮರಳಿದ ಆ ಯಂತ್ರಕ್ಕೆ, ನಿನ್ನ ಪಾಡ್ ಈಗ ನಿನ್ನದಲ್ಲ ಎಂಬ ಸುದ್ದಿ ತಲುಪಿತು. ಅದು ವಿಧೇಯವಾಗಿ ಹಳೆಯ ಪಾಡನ್ನೂ ಅದರ ಜಾಗವನ್ನೂ ಗುಡಿಸಿಹಾಕಿತು. ಮಾವ ಮತ್ತು ಅತ್ತೆ ನೆಲದ ಮೇಲೆ ಕಾರ್ಬನ್ ಚೀಟಿಗಳನ್ನು ಹರಡಿಕೊಂಡು ಮಧ್ಯಾಹ್ನದವರೆಗೆ ಲೆಕ್ಕವನ್ನು ಮತ್ತೆ ಬರೆದರು.

ಆ ಮಧ್ಯಾಹ್ನದ ನಂತರ ಕುಬರ್ನೆಟೀಸನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅದರ ಹಿರಿಮೆಯನ್ನು ಮೊದಲು ಹೇಳಬೇಕು. ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸರಂಜಾಮನ್ನೂ ಒಂದೇ ಗಂಟಾಗಿ ಕಟ್ಟುವ ಕಂಟೇನರ್ ಪದ್ಧತಿ 2013ರಲ್ಲಿ ಡಾಕರ್ ಬಂದ ಮೇಲೆ ಮನೆಮಾತಾಯಿತು. ಗಂಟು ಕಟ್ಟುವುದು ಸುಲಭ. ಸಾವಿರ ಗಂಟುಗಳನ್ನು ನೂರು ಯಂತ್ರಗಳಿಗೆ ಹಂಚಿ, ಸತ್ತದ್ದನ್ನು ಎಬ್ಬಿಸಿ, ಹಳೆಯದರ ಜಾಗಕ್ಕೆ ಹೊಸದನ್ನು ತರುವುದು ಕಷ್ಟ. ಗೂಗಲ್ ತನ್ನೊಳಗೆ ಬೋರ್ಗ್ ಎಂಬ ವ್ಯವಸ್ಥೆಯಿಂದ ಹತ್ತು ವರ್ಷ ಈ ಕೆಲಸ ಮಾಡಿ, ಕಲಿತದ್ದನ್ನು 2014ರ ಜೂನ್‌ನಲ್ಲಿ ಕುಬರ್ನೆಟೀಸ್ ಎಂದು ಎಲ್ಲರಿಗೂ ತೆರೆದಿಟ್ಟಿತು. ಮರುವರ್ಷ ಜುಲೈಯಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು. ಇದರಲ್ಲಿ ಹೇಗೆ ಮಾಡಬೇಕೆಂದು ನಾವು ಹೇಳುವುದಿಲ್ಲ, ಏನಿರಬೇಕೆಂದು ಬರೆದಿಡುತ್ತೇವೆ. ಮೂರು ಇರಲಿ ಎಂದರೆ ಅದು ಇರುವುದನ್ನು ಎಣಿಸುತ್ತಲೇ ಇರುತ್ತದೆ. ಎರಡಾದರೆ ಒಂದನ್ನು ಹುಟ್ಟಿಸುತ್ತದೆ, ನಾಲ್ಕಾದರೆ ಒಂದನ್ನು ತೆಗೆಯುತ್ತದೆ. ರಾತ್ರಿ ಎದ್ದು ಸರ್ವರ್ ರೀಸ್ಟಾರ್ಟ್ ಮಾಡಿದವರಿಗೆಲ್ಲ ಇದರ ಬೆಲೆ ಗೊತ್ತು. ನನ್ನ ತಲೆಮಾರಿನ ಎಂಜಿನಿಯರುಗಳಿಗೆ ನಿದ್ದೆ ಕೊಟ್ಟ ಆಲೋಚನೆ ಇದು.

ನನ್ನ ತಕರಾರು ಇದರ ಜೊತೆಗೆ ಬಂದ ಒಂದು ಉಪದೇಶದ ಬಗ್ಗೆ. ಸರ್ವರುಗಳನ್ನು ಸಾಕುಪ್ರಾಣಿಯಂತೆ ನೋಡಬೇಡಿ, ದನದ ಮಂದೆಯಂತೆ ನೋಡಿ ಎಂಬ ಮಾತು ಬಿಲ್ ಬೇಕರ್ ಅವರಿಂದ ಹುಟ್ಟಿ, 2012ರ ಹೊತ್ತಿಗೆ ರ‍್ಯಾಂಡಿ ಬಯಸ್ ಅವರ ಭಾಷಣಗಳಿಂದ ಹಬ್ಬಿತು. ಸಾಕುನಾಯಿಗೆ ಹೆಸರಿರುತ್ತದೆ, ಕಾಯಿಲೆ ಬಿದ್ದರೆ ಆರೈಕೆ ಮಾಡುತ್ತೀರಿ. ದನಕ್ಕಿರುವುದು ಬರೀ ನಂಬರ್, ಕೆಟ್ಟರೆ ಕೊಂದು ಇನ್ನೊಂದು ತನ್ನಿ. ಮೊದಲ ಸಲ ಇದನ್ನು ಕೇಳಿದಾಗ ನನಗೆ ಮೈ ಝುಂ ಎಂದಿತ್ತು. ಕಂಬಂ ಕಣಿವೆಯ ಕನ್ನಡ ಮಾತಾಡುವ ಕಾಪ್ಪಿಲಿಯ ಒಕ್ಕಲಿಗರ ನಡುವೆ ಬೆಳೆದವನಿಗೆ ದನ ಎಂದರೆ ಅದಲ್ಲ.

ಕಂಬಂನಲ್ಲಿ ಈ ಜನರಿಗೆ ದೇವರಾವು ಎಂಬ ಮಂದೆಯಿದೆ. ಮಂದೆಗೊಬ್ಬ ರಾಜ, ಪಟ್ಟದಾವು. 1906ರ ಮಧುರೆ ಜಿಲ್ಲಾ ಗೆಜೆಟಿಯರ್‌ನಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಇದರ ಆಯ್ಕೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಹಳೆಯ ರಾಜ ತೀರಿಕೊಂಡರೆ ಒಳ್ಳೆಯ ದಿನ ನೋಡಿ ಇಡೀ ಮಂದೆಯನ್ನು ಸೇರಿಸುತ್ತಾರೆ, ಕರ್ಪೂರ, ಬಾಳೆಹಣ್ಣು, ಎಲೆಅಡಿಕೆ ಅರ್ಪಿಸುತ್ತಾರೆ, ಮುಂದೆ ಒಂದು ಕಟ್ಟು ಕಬ್ಬು ಇಡುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಪಟ್ಟ ಅದಕ್ಕೆ. ಕುಂಕುಮ, ಹೂಮಾಲೆ, ನಂದಗೋಪಾಲಸ್ವಾಮಿ ಎಂಬ ಹೆಸರು. ಮಂದೆಯಲ್ಲಿದ್ದೂ ಹೆಸರಿರುವ ದನ ಅದು. ಮಂದೆಯ ಕಲ್ಪನೆಯೂ ಆರೈಕೆಯೂ ಒಟ್ಟಿಗೆ ಬಾಳಬಹುದು ಎಂದು ನೂರು ವರ್ಷದ ಹಿಂದೆಯೇ ಗೊತ್ತಿದ್ದ ಜನ ಇವರು.

ಸೋಜಿಗವೆಂದರೆ ಕುಬರ್ನೆಟೀಸ್‌ಗೂ ಇದು ಗೊತ್ತಿದೆ. ತನ್ನ ವಿಷಯ ಬಂದಾಗ ಮಾತ್ರ. ಕ್ಲಸ್ಟರಿನ ನೆನಪೆಲ್ಲ ಎಟ್‌ಸಿಡಿ ಎಂಬ ದತ್ತಾಂಶ ಭಂಡಾರದಲ್ಲಿರುತ್ತದೆ. ಅದರ ಸದಸ್ಯರಿಗೆ ಒಂದೊಂದಕ್ಕೂ ಹೆಸರು, ಗುರುತು. ಅವರಲ್ಲೊಬ್ಬ ನಾಯಕ. ನಾಯಕನ ಸದ್ದು ನಿಂತರೆ ಉಳಿದವರಲ್ಲಿ ಯಾರ ಕಾಯುವ ಗಡುವು ಮೊದಲು ಮುಗಿಯುತ್ತದೋ ಅವರು ಮತ ಕೇಳುತ್ತಾರೆ, ಬಹುಮತ ಸಿಕ್ಕರೆ ಪಟ್ಟ. ಕಬ್ಬಿನ ಕಟ್ಟಿನ ಮುಂದಿನ ಆ ಕ್ಷಣವೇ ಇದು. ಮೂವರಲ್ಲಿ ಇಬ್ಬರು ಬಿದ್ದರೆ ಉಳಿದ ಒಬ್ಬ ಹೊಸದೇನನ್ನೂ ಬರೆದುಕೊಳ್ಳಲು ಒಪ್ಪುವುದಿಲ್ಲ. ಸುಳ್ಳು ಲೆಕ್ಕ ಬರೆಯುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬ ನಿಷ್ಠೆ ಅದು. ತನ್ನ ನೆನಪಿಗೆ ಇಷ್ಟು ಕಾವಲು ಹಾಕಿದ ವ್ಯವಸ್ಥೆ, ನನ್ನ ಮಾವನ ತೂಕದ ಪುಸ್ತಕವನ್ನು ಹಸಿರು ದೀಪ ತೋರಿಸುತ್ತಲೇ ಎಸೆಯಿತು. ಖಾಲಿ ಪುಸ್ತಕ ಹಿಡಿದು ಎದ್ದ ಪ್ರೋಗ್ರಾಮನ್ನೂ ಅದು ಆರೋಗ್ಯವಂತ ಎಂದೇ ಎಣಿಸುತ್ತದೆ.

ನೆನಪಿರುವ ಪ್ರೋಗ್ರಾಮುಗಳಿಗೆ ಕುಬರ್ನೆಟೀಸ್ ಕಟ್ಟಿದವರು ದಾರಿ ಮಾಡಲಿಲ್ಲ ಎಂದಲ್ಲ. 2016ರಲ್ಲಿ 1.3ನೇ ಆವೃತ್ತಿಯಲ್ಲಿ, ಪ್ರತಿ ಪಾಡಿಗೂ ಕಾಯಂ ಹೆಸರು, ಕಾಯಂ ಡಿಸ್ಕ್ ಕೊಡುವ ಸೌಲಭ್ಯ ಬಂತು. ಅದಕ್ಕೆ ಇಟ್ಟ ಹೆಸರು ಪೆಟ್‌ಸೆಟ್. ಬೇಡವೆಂದ ಸಾಕುಪ್ರಾಣಿ ಹಿಂಬಾಗಿಲಿನಿಂದ ಒಳಗೆ ಬಂದಿತ್ತು. ಅದೇ ವರ್ಷದ ಕೊನೆಗೆ 1.5ರಲ್ಲಿ ಹೆಸರನ್ನು ಸ್ಟೇಟ್‌ಫುಲ್‌ಸೆಟ್ ಎಂದು ಬದಲಿಸಿದರು. ಹಳೆಯ ಹೆಸರೇ ಹೆಚ್ಚು ಪ್ರಾಮಾಣಿಕವಾಗಿತ್ತು ಎಂದು ನನಗನಿಸುತ್ತದೆ. ಕೆಲವು ಯಂತ್ರಗಳನ್ನು ಹೆಸರು ಹಿಡಿದು ಕರೆದು ನೋಡಿಕೊಳ್ಳಲೇಬೇಕು ಎಂಬ ಒಪ್ಪಿಗೆ ಅದರಲ್ಲಿತ್ತು.

ಅಳತೆಯ ಪ್ರಶ್ನೆಯೂ ಇದೆ. ಒಂದು ಕ್ಲಸ್ಟರಿನಲ್ಲಿ 5,000 ಯಂತ್ರಗಳವರೆಗೆ ಎಂದು ಲೆಕ್ಕ ಹಾಕಿ ಕಟ್ಟಿದ ವಸ್ತು ಇದು. 2021ರಲ್ಲಿ ಓಪನ್‌ಎಐ 7,500ರವರೆಗೂ ಎಳೆಯಿತು. ಅಲ್ಲಿ ಒಂದು ಯಂತ್ರ ಹೋದರೆ ಯಾರಿಗೂ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಮಂಡಿಯಲ್ಲಿ ಒಂದು ಹೋದರೆ ಮೂರನೇ ಒಂದು ಪಾಲೇ ಹೋಯಿತು. ದೊಡ್ಡ ಕಂಪನಿಗೆ ಹೊಂದುವ ಉಪದೇಶವನ್ನು ಸಣ್ಣ ಅಂಗಡಿಗೆ ತಂದವನು ನಾನು, ನನ್ನಂತೆ ತಂದವರು ಬಹಳ ಮಂದಿ. ಮೂರು ಯಂತ್ರಕ್ಕೆ ಡಾಕರ್ ಸ್ವಾರ್ಮ್ ಅಥವಾ ನೋಮ್ಯಾಡ್‌ನಂಥ ಇನ್ನೂ ಸರಳ ವ್ಯವಸ್ಥೆ ಸಾಕಾಗುತ್ತಿತ್ತು. ನಿಜ ಹೇಳಬೇಕೆಂದರೆ ಒಂದು ಯಂತ್ರ, ಒಂದು ಯುಪಿಎಸ್, ದಿನವೂ ಒಂದು ಬ್ಯಾಕಪ್ ಇದ್ದರೆ ಸಾಕಿತ್ತು.

ಈಗ ಲೆಕ್ಕದ ಡೇಟಾಬೇಸ್ ಕ್ಲಸ್ಟರಿನ ಹೊರಗಿದೆ, ಯುಪಿಎಸ್ ಇರುವ ಒಂದೇ ಯಂತ್ರದಲ್ಲಿ. ಗಂಟೆಗೊಮ್ಮೆ ಅದರ ನಕಲು ಇನ್ನೊಂದು ಡಿಸ್ಕಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ಆ ನಕಲನ್ನು ತೆರೆದು, ಯಾವುದಾದರೂ ಒಂದು ದಿನದ ತೂಕವನ್ನು ಕಾರ್ಬನ್ ಚೀಟಿಗಳ ಜೊತೆ ತಾಳೆ ನೋಡುತ್ತೇನೆ. ಚೀಟಿ ಓದುವುದು ಅತ್ತೆ.