ರೋಮನ್ ವಿಡಂಬನ ಕಾವ್ಯದಲ್ಲಿ ಪಂಕ್ತಿಭೇದ

ಒಂದು ಸಮಾಜದ ನಿಜಸ್ವರೂಪವನ್ನು ಅದರ ಶಾಸನಗಳಿಗಿಂತ ಅದರ ಊಟದ ಪಂಕ್ತಿಯೇ ಸ್ಪಷ್ಟವಾಗಿ ತೋರುತ್ತದೆ. ಪ್ರಾಚೀನ ರೋಮಿನ ವಿಡಂಬನಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ಕ್ರಿ.ಶ. 2ನೆಯ ಶತಮಾನದ ಆದಿಭಾಗದ ಕವಿ ಜುವೆನಲ್‌ನ ಐದನೆಯ ವಿಡಂಬನೆ ಇದಕ್ಕೆ ಉತ್ತಮ ನಿದರ್ಶನ.

ವಿರ್ರೊ ಎಂಬ ಸಿರಿವಂತನು ತನ್ನ ಆಶ್ರಿತನಾದ ಟ್ರೆಬಿಯಸ್‌ನನ್ನು ಊಟಕ್ಕೆ ಕರೆದಿದ್ದಾನೆ. ಯಜಮಾನನಿಗೆ ಬಿಳಿಯ ಮೃದುವಾದ ರೊಟ್ಟಿ. ಅತಿಥಿಗೆ ಬೂಷ್ಟು ಹಿಡಿದ, ಹಲ್ಲಿಗೆ ಜಗ್ಗದ ತುಂಡು. ಅವನಿಗೆ ಶ್ರೇಷ್ಠವಾದ ಎಣ್ಣೆ. ಇವನಿಗೆ ದೀಪದ ವಾಸನೆಯ ಎಣ್ಣೆ. ಅವನಿಗೆ ಉತ್ತಮ ಅಣಬೆ, ಪರಿಮಳದ ಹಣ್ಣು. ಇವನಿಗೆ ಸಂದೇಹದ ನಾಯಿಕೊಡೆ, ಕೊಳೆತ ಸೇಬು. ಕನ್ನಡಿಗರು 'ಪಂಕ್ತಿಭೇದ' ಎಂಬ ಒಂದೇ ಪದದಲ್ಲಿ ಹೇಳುವುದನ್ನು ಕವಿ 173 ಸಾಲುಗಳಲ್ಲಿ ಬಿಡಿಸಿಟ್ಟಿದ್ದಾನೆ.

ಇದು ಕೇವಲ ಕವಿಯ ಅತಿಶಯೋಕ್ತಿಯಲ್ಲ. ಅವನಿಗಿಂತ ಹಿರಿಯನಾದ ಮಾರ್ಷಿಯಲ್ ಕವಿಯೂ, ಒಂದೇ ಊಟಕ್ಕೆ ಕುಳಿತವರಿಗೆ ಬೇರೆ ಬೇರೆ ಬಡಿಸುವುದೇಕೆಂದು ಪ್ರಶ್ನಿಸಿದ್ದಾನೆ. ಅದೇ ಕಾಲದ ಪ್ಲಿನಿ ಎಂಬ ಅಧಿಕಾರಿ, ಅತಿಥಿಗಳ ಅಂತಸ್ತಿಗನುಗುಣವಾಗಿ ಮೂರು ಬಗೆಯ ಮದ್ಯ ಹಂಚಿದ ಮನೆಯೊಂದನ್ನು ತನ್ನ ಪತ್ರದಲ್ಲಿ ಖಂಡಿಸಿದ್ದಾನೆ. ದಾಸ್ಯದಿಂದ ಬಿಡುಗಡೆ ಪಡೆದವರಿಗೂ ತನ್ನ ಮನೆಯಲ್ಲಿ ಸಮಾನ ಸತ್ಕಾರವೆಂದೂ, ಅವರು ಕುಡಿಯುವುದನ್ನೇ ತಾನೂ ಕುಡಿಯುವನೆಂದೂ ಅವನು ಹೇಳುತ್ತಾನೆ.

ಜುವೆನಲ್‌ನ ಕೊನೆಯ ಬಾಣ ತಿರುಗುವುದು ಮಾತ್ರ ಅತಿಥಿಯ ಕಡೆಗೆ. ಇಷ್ಟನ್ನೂ ಸಹಿಸುವವನು ಇದಕ್ಕೇ ತಕ್ಕವನು. ಇಂಥ ಊಟಕ್ಕಿಂತ ಭಿಕ್ಷೆಯೇ ಮೇಲು ಎಂಬುದು ಅವನ ತೀರ್ಪು. ಅನ್ನಕ್ಕಾಗಿ ಸ್ವಾತಂತ್ರ್ಯವನ್ನು ಮಾರಿಕೊಂಡವನ ಚಿತ್ರಣವಾಗಿ ಇದು ಅಸಾಧಾರಣವಾದುದು. ಆದರೆ ಆಶ್ರಿತನ ಊಟ, ಇಲ್ಲವೇ ಭಿಕ್ಷೆ: ಇವೆರಡರ ಹೊರತು ಮೂರನೆಯ ದಾರಿ ಆ ಕಾವ್ಯದಲ್ಲಿ ಕಾಣದು. ಹನ್ನೊಂದನೆಯ ವಿಡಂಬನೆಯಲ್ಲಿ ಕವಿ ತನ್ನ ಹೊಲದ ಸರಳ ಆಹಾರಕ್ಕೆ ಗೆಳೆಯನನ್ನು ಕರೆಯುತ್ತಾನೆ, ನಿಜ. ಅದು ಗೆಳೆತನದ ಊಟವೇ ಹೊರತು ಸಮಾಜದ ವ್ಯವಸ್ಥೆಯಲ್ಲ.

ಈ ಮೂರನೆಯ ದಾರಿಯನ್ನು ಹನ್ನೆರಡನೆಯ ಶತಮಾನದ ಶರಣರಲ್ಲಿ ಕಾಣುತ್ತೇವೆ. ಪ್ರತಿಮೆಯ ಮುಂದೆ ನೈವೇದ್ಯವನ್ನಿಟ್ಟು, ಹಸಿದು ಬಂದ ಜಂಗಮನನ್ನು ಅಟ್ಟುವವರನ್ನು ಬಸವಣ್ಣನವರು ಜುವೆನಲ್‌ನಷ್ಟೇ ತೀಕ್ಷ್ಣವಾಗಿ ಹಾಸ್ಯ ಮಾಡಿದ್ದಾರೆ. ಆದರೆ ಅವರ ಜೊತೆಯವರು ಅಲ್ಲಿಗೇ ನಿಲ್ಲಲಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಿಗೆ ತಂದ ಅಕ್ಕಿಯನ್ನು ಲಕ್ಕಮ್ಮನವರು ಮರಳಿಸಿದ ಕಥೆ ಸರ್ವವಿದಿತ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವವರು ಯಾರ ಹಂಗಿನಲ್ಲಿಯೂ ಉಣ್ಣುವುದಿಲ್ಲ. 'ನಾನು ದಾಸನು' ಎನ್ನುವವನಿಗೆ ವಿರ್ರೊನ ಆಸನವೂ ಬೇಡ, ಟ್ರೆಬಿಯಸ್‌ನ ಆಸನವೂ ಬೇಡ.

ಬೈಲಹೊಂಗಲ ತಾಲೂಕಿನ ದೊಡವಾಡದಂಥ ಊರುಗಳಲ್ಲಿ ಜಾತ್ರೆ, ಪುರಾಣಮಂಗಲಗಳ ದಿನ ನೆಲದ ಮೇಲೆ ಸಾಲಾಗಿ ಕುಳಿತು ಹುಗ್ಗಿಯ ಪ್ರಸಾದ ಸ್ವೀಕರಿಸುವವರಿಗೆ ಈ ಮಾತು ಹೊಸದಲ್ಲ. ಆದರೂ ಗಣ್ಯರಿಗೆ ಒಳಗಡೆ ಬೇರೆ ಬಡಿಸುವ ರೂಢಿ ಕೆಲವೆಡೆ ನುಸುಳಿದೆ. ಅಲ್ಲಿ ವಿರ್ರೊ ರೋಮಿನವನಾಗಿ ಉಳಿಯುವುದಿಲ್ಲ. ಎರಡು ಸಾವಿರ ವರುಷಗಳ ಹಿಂದಿನ ಆ ಪರದೇಶದ ಕಾವ್ಯವನ್ನು ಓದುವುದರ ಸಾರ್ಥಕತೆ, ನಮ್ಮ ಪಂಕ್ತಿಯನ್ನು ನಾವೇ ಒಮ್ಮೆ ನೋಡಿಕೊಳ್ಳುವುದರಲ್ಲಿದೆ.