ವಿಶೇಷ ವಿವಾಹ ಶಾಸನದಲ್ಲಿ ವಧೂವರರ ವಚನ

ಭಾರತದಲ್ಲಿ ೧೮೭೨ರ ವಿವಾಹಶಾಸನದಂತೆ ವಧೂವರರು ತಾವು ಹಿಂದೂ, ಕ್ರೈಸ್ತ, ಮುಸಲ್ಮಾನ ಮೊದಲಾದ ಮತಗಳಲ್ಲಿ ಯಾವುದಕ್ಕೂ ಸೇರಿದವರಲ್ಲವೆಂದು ಬರೆದುಕೊಡಬೇಕಾಗಿದ್ದಿತು. ಸ್ವೀಕಾರಕ್ಕೆ ನಿರಾಕರಣೆಯೇ ನಾಂದಿಯಾಗಿದ್ದಿತು. ೧೯೨೩ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮೊಳಗೆ ವಿವಾಹವಾಗುವುದಕ್ಕೆ ಮಾತ್ರ ಇದನ್ನು ಸಡಿಲಿಸಿತು.

೧೯೫೪ರ ಶಾಸನವು ಆ ‘ಅಲ್ಲ’ವನ್ನು ಅಳಿಸಿತು. ಅಧಿಕಾರಿಯ ಹಾಗೂ ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ, ತಮಗೆ ತಿಳಿಯುವ ಯಾವ ಭಾಷೆಯಲ್ಲಾದರೂ, ಪರಸ್ಪರ ಸ್ವೀಕಾರದ ಮಾತನ್ನಾಡದೆ ವಿವಾಹವು ಸಿದ್ಧಿಸದು. ವಾಕ್ಕಿಗೆ ಇಂತಹ ಗೌರವವನ್ನಿತ್ತ ಶಾಸನವೇ ಮೊದಲು ತಿಳಿವಳಿಕೆಯ ಪತ್ರವನ್ನು ಪ್ರಕಟಿಸಿ, ಮೂವತ್ತು ದಿನ ಆಕ್ಷೇಪಗಳಿಗೆ ಎಡೆಗೊಟ್ಟಿರುವುದು ವಿಚಾರಾರ್ಹವಾಗಿದೆ. ವಯಸ್ಸು, ಪೂರ್ವವಿವಾಹ, ನಿಷಿದ್ಧಸಂಬಂಧಾದಿಗಳೇ ಆಕ್ಷೇಪಕ್ಕೆ ಕಾರಣಗಳು, ಮತಭೇದವು ಕಾರಣವಲ್ಲ. ಆದರೂ ಪ್ರಕಟಣೆಯು ಅನ್ಯರ ದ್ವೇಷಕ್ಕೆ ದಾರಿಯಾಗಬಲ್ಲದು. ೨೦೨೧ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಪ್ರಕಟಣೆಯನ್ನು ವಧೂವರರ ಇಚ್ಛೆಗೆ ಬಿಟ್ಟುದು ಶಾಸನದ ಹೃದಯವನ್ನರಿತ ವ್ಯಾಖ್ಯಾನವು.