ಬರಹದ ಕೃತಿ ಮತ್ತು ಪಾಠಾಂತರ: ರಾಕ್ಮನಿನೊವ್‌ನ ಮೂರನೆಯ ಪಿಯಾನೊ ಕನ್ಸರ್ಟೊ

ಮೌಖಿಕ ಕೃತಿಗೆ ಪಾಠಾಂತರಗಳಿರುತ್ತವೆ, ಬರಹದ ಕೃತಿಗೆ ಸ್ಥಿರಪಾಠವಿರುತ್ತದೆ ಎಂಬ ವಿಭಜನೆ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆಲ್ಬರ್ಟ್ ಲಾರ್ಡ್‌ನು 1960ರಲ್ಲಿ ಪ್ರಕಟಿಸಿದ ‘ದ ಸಿಂಗರ್ ಆಫ್ ಟೇಲ್ಸ್’ ಗ್ರಂಥವು ಪ್ರತಿಯೊಂದು ಹಾಡಿಕೆಯೂ ಸ್ವತಂತ್ರ ಕೃತಿಯೆಂದು ವಾದಿಸಿದ ನಂತರ ಈ ವಿಭಜನೆ ಇನ್ನಷ್ಟು ಗಟ್ಟಿಯಾಯಿತು. ಸ್ವರಲಿಪಿಯಲ್ಲಿ ಅಚ್ಚಾದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಸ್ಥಿರಪಾಠದ ಪಕ್ಷಕ್ಕೆ ಸೇರಿಸುವುದು ವಾಡಿಕೆ. ಸೆರ್ಗೈ ರಾಕ್ಮನಿನೊವ್‌ನ ಡಿ ಮೈನರ್ ಕನ್ಸರ್ಟೊ (ಓಪಸ್ 30) ಈ ವಾಡಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

1909ರಲ್ಲಿ ರಚಿತವಾದ ಈ ಕೃತಿಯನ್ನು ಅದೇ ವರ್ಷದ ನವೆಂಬರ್ 28ರಂದು ನ್ಯೂಯಾರ್ಕ್‌ನಲ್ಲಿ ಕರ್ತೃವೇ ಮೊದಲು ನುಡಿಸಿದನು. ಮೊದಲ ಖಂಡದ ಕೆಡೆಂಜಾಕ್ಕೆ, ಅಂದರೆ ವಾದ್ಯವೃಂದ ಮೌನವಾಗಿ ಪಿಯಾನೊ ಒಂದೇ ನುಡಿಯುವ ಭಾಗಕ್ಕೆ, ಅವನು ಎರಡು ಪಾಠಗಳನ್ನು ಬರೆದನು. ಒಂದು ಹಗುರ, ಚುರುಕು. ಇನ್ನೊಂದು ದಟ್ಟವಾದ ಸ್ವರಪುಂಜಗಳ ಗಂಭೀರ ಪಾಠ. ಎರಡೂ ಅಚ್ಚಿನಲ್ಲಿವೆ, ಆಯ್ಕೆ ವಾದಕನದು. ಹೀಗಾಗಿ ಪಾಠಾಂತರವು ಇಲ್ಲಿ ಬರಹದ ಒಳಗೇ ನೆಲೆಸಿದೆ.

ಕರ್ತೃವು ಫಿಲಡೆಲ್ಫಿಯಾ ವಾದ್ಯವೃಂದದೊಡನೆ, ಯೂಜೀನ್ ಆರ್ಮಂಡಿಯ ನಿರ್ದೇಶನದಲ್ಲಿ 1939–40ರಲ್ಲಿ ಮಾಡಿದ ಧ್ವನಿಮುದ್ರಣದಲ್ಲಿ ಹಗುರ ಕೆಡೆಂಜಾವನ್ನೇ ಆರಿಸಿಕೊಂಡನು. ಕೃತಿಯ ಕೆಲವು ಭಾಗಗಳನ್ನು ಕೈಬಿಟ್ಟನು. ವ್ಲಾದಿಮಿರ್ ಹೊರೊವಿಟ್ಸ್‌ನ 1930ರ ಧ್ವನಿಮುದ್ರಣವೂ ಹಗುರ ಪಾಠದ್ದೇ. ಇದಕ್ಕೆ ಭಿನ್ನವಾಗಿ ವ್ಯಾನ್ ಕ್ಲೈಬರ್ನ್, ಮಾಸ್ಕೊದ ಚೈಕೋವ್‌ಸ್ಕಿ ಸ್ಪರ್ಧೆಯನ್ನು ಗೆದ್ದ 1958ರಲ್ಲಿಯೇ, ಕಾರ್ನೆಗಿ ಹಾಲ್‌ನಲ್ಲಿ ಕಿರಿಲ್ ಕೊಂದ್ರಾಶಿನ್‌ನ ನಿರ್ದೇಶನದಲ್ಲಿ ಗಂಭೀರ ಪಾಠವನ್ನು ನುಡಿಸಿದನು. ಮಾರ್ತಾ ಆರ್ಗರಿಚ್ 1982ರ ಬರ್ಲಿನ್ ವಾದನದಲ್ಲಿ ಮತ್ತೆ ಹಗುರ ಪಾಠಕ್ಕೆ ಮರಳಿದಳು.

ಗಂಭೀರ ಪಾಠವು ಕಠಿಣವಾದುದರಿಂದ ಅದೇ ಶ್ರೇಷ್ಠ ಎಂಬ ನಿಲುವೊಂದಿದೆ. ಅಸಾಮಾನ್ಯ ಕೈಬಲವುಳ್ಳ ಕರ್ತೃವೇ ಹಗುರ ಪಾಠವನ್ನು ಆರಿಸಿಕೊಂಡಿರುವುದರಿಂದ ಈ ನಿಲುವು ನಿಲ್ಲುವುದಿಲ್ಲ. ಪ್ರಶ್ನೆ ಸಾಮರ್ಥ್ಯದ್ದಲ್ಲ, ರಚನೆಯದು. ಗಂಭೀರ ಪಾಠ ಕೃತಿಯ ಶಿಖರವನ್ನು ಮೊದಲ ಖಂಡಕ್ಕೇ ತರುತ್ತದೆ. ಅನಂತರದ ಎರಡು ಖಂಡಗಳು ಅದರ ಪರಿಣಾಮವಾಗಿ ಕೇಳಿಸುತ್ತವೆ. ಹಗುರ ಪಾಠ ಭಾರವನ್ನು ಮುಂದಕ್ಕೆ ಸಾಗಿಸಿ, ಡಿ ಮೇಜರ್‌ನಲ್ಲಿ ಮುಗಿಯುವ ಕೊನೆಯ ಖಂಡಕ್ಕೆ ಒಪ್ಪಿಸುತ್ತದೆ.

ಆರಂಭದ ರಾಗದಲ್ಲಿಯೂ ಇಂಥದೇ ಭೇದವಿದೆ. ಎರಡು ಕೈಗಳು ಒಂದು ಸಪ್ತಕದ ಅಂತರದಲ್ಲಿ ನುಡಿಸುವ ಈ ಸರಳ ರಾಗಕ್ಕೆ ಕೀವ್‌ನ ಮಠದ ಸ್ತೋತ್ರವೊಂದರೊಡನೆ ಹೋಲಿಕೆಯಿದೆಯೆಂದು ಸಂಗೀತಶಾಸ್ತ್ರಜ್ಞ ಜೋಸೆಫ್ ಯಾಸರ್ ಪ್ರತಿಪಾದಿಸಿದನು. ಕರ್ತೃವಾದರೋ, ಅದನ್ನು ಜನಪದ ಗೀತೆಯಿಂದಾಗಲಿ ಚರ್ಚಿನ ಸಂಗೀತದಿಂದಾಗಲಿ ಪಡೆದಿಲ್ಲವೆಂದೂ ಪಿಯಾನೊದಲ್ಲಿ ಗಾಯಕನಂತೆ ಹಾಡಿಸಬಯಸಿದ್ದೆನೆಂದೂ ಅವನಿಗೆ ತಿಳಿಸಿದ್ದನು. ‘ಹಾಡಿಸುವುದು’ ಎಂಬ ಈ ಆಶಯವನ್ನು ಕರ್ತೃ ನಿಲ್ಲದ ಹರಿವಿನಲ್ಲಿ ಕಂಡರೆ, ಕ್ಲೈಬರ್ನ್ ನಿಧಾನದ ಉಸಿರಿನಲ್ಲಿ ಕಾಣುತ್ತಾನೆ.

ಆದರೆ ಎಲ್ಲ ವ್ಯತ್ಯಾಸಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಎರಡು ಕೆಡೆಂಜಾಗಳ ನಡುವಣ ಆಯ್ಕೆ ಪಾಠವೇ ಕೊಟ್ಟ ಸ್ವಾತಂತ್ರ್ಯ. ಕೈಬಿಟ್ಟ ಭಾಗಗಳು ಪಾಠಕ್ಕಾದ ನಷ್ಟ, ಅದು ಕರ್ತೃವಿನ ಕೈಯಿಂದಲೇ ಆಗಿದ್ದರೂ. ವೇದಿಕೆಯ ಮೇಲೆ ಕರ್ತೃವೂ ಒಬ್ಬ ವಾದಕನೇ. ಅವನ ವಾದನ ಪ್ರಮುಖ ಸಾಕ್ಷ್ಯ, ಅಂತಿಮ ತೀರ್ಪಲ್ಲ. ಮೂಲಪಾಠದ ಶೋಧವನ್ನೇ ಗುರಿಯಾಗಿಸಿಕೊಂಡ ಅಧ್ಯಯನ ಇಂಥ ಕೃತಿಯ ಮುಂದೆ ಸೋಲುತ್ತದೆ. ಯಾವ ಆಯ್ಕೆ ಇಡೀ ಕೃತಿಯನ್ನು ಹೇಗೆ ಮರುರೂಪಿಸುತ್ತದೆ ಎಂದು ಕೇಳುವ ಜಾನಪದದ ವಿಧಾನ, ಬರಹದ ಕೃತಿಗಳಿಗೂ ಸಲ್ಲುತ್ತದೆ.